“ಸಾಹೇಬರು ಯಾವಾಗ ಬರುತ್ತಾರಮ್ಮ?”: ಎಳೆ ಮುಖದವರ ಉದ್ಯೋಗದ ಪಾಡು

ಅಮಾನಿಕೆರೆ ದಂಡೆ, ತುಮಕೂರು

ನನಗೆ ಮೂವತ್ತಾರು ವರ್ಷ. ಚಾರ್ಟರ್ಡ್ ಅಕೌಂಟೆಂಟ್. ತುಮಕೂರಿನಲ್ಲಿ ಸ್ವಂತ ಕಚೇರಿ ಇದೆ, ಬಾಗಿಲ ಮೇಲೆ ನನ್ನದೇ ಹೆಸರಿನ ಫಲಕವಿದೆ. ಮುಖ ಮಾತ್ರ ಎರಡನೇ ಪಿಯುಸಿಯ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಮದುವೆ ಮನೆಗಳಲ್ಲಿ ಇದು ಹೊಗಳಿಕೆಯ ವಿಷಯ. ಆಡಿಟ್‌ಗೆ ಹೋದ ಕಡೆ ಹಾಗಲ್ಲ.

ಇತ್ತೀಚೆಗೆ ತಿಪಟೂರಿನ ಕಡೆ ಒಬ್ಬ ಕೊಬ್ಬರಿ ವರ್ತಕರ ಗೋದಾಮಿಗೆ ದಾಸ್ತಾನು ನೋಡಲು ಹೋಗಿದ್ದೆ. ಜೊತೆಯಲ್ಲಿ ನಮ್ಮ ಕಚೇರಿಯಲ್ಲಿ ತರಬೇತಿ ಪಡೆಯುತ್ತಿರುವ ಹುಡುಗನಿದ್ದ. ಇಪ್ಪತ್ತೆರಡು ವರ್ಷ, ಕೆನ್ನೆ ತುಂಬ ಗಡ್ಡ. ಕುರ್ಚಿ ಅವನಿಗೆ ಹಾಕಿದರು. ಕಾಫಿ ಮೊದಲು ಅವನ ಕೈಗೆ ಬಂತು. ಅವನು ಗಾಬರಿಯಿಂದ ಎದ್ದು “ಆಡಿಟರ್ ಮೇಡಂ ಇವರು” ಎಂದ. ವರ್ತಕರು ನನ್ನತ್ತ ನೋಡಿ “ಹೌದೇನಮ್ಮ, ಒಳ್ಳೆಯದಾಗಲಿ” ಎಂದು ಹರಸಿದರು. ಹರಸಿ, ಮತ್ತೆ ಅವನ ಕಡೆಗೇ ತಿರುಗಿ ಕೊಬ್ಬರಿಯ ತೂಕ ಒಣಗಿದ ಮೇಲೆ ಎಷ್ಟು ಇಳಿಯುತ್ತದೆ ಎಂದು ವಿವರಿಸತೊಡಗಿದರು.

ಮುಂದಿನ ತಿಂಗಳು ಒಂದು ಸಹಕಾರ ಸಂಘದ ಲೆಕ್ಕಪರಿಶೋಧನೆಯನ್ನು ಹೊಸದಾಗಿ ಕೈಗೆತ್ತಿಕೊಳ್ಳುತ್ತಿದ್ದೇನೆ. ಅಲ್ಲಿಯ ಕಾರ್ಯದರ್ಶಿಯವರು ನಾನು ಅಂಗನವಾಡಿಗೆ ಹೋಗುತ್ತಿದ್ದಾಗಲೇ ಆ ಕುರ್ಚಿಯಲ್ಲಿದ್ದವರು. ಒಳಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು? ಇದೇ ಪಾಡು ಪಟ್ಟವರು ಹೇಳಿ. “ಅದೃಷ್ಟವಂತೆ, ಐವತ್ತಾದಾಗ ಖುಷಿಪಡುತ್ತೀಯ” ಎಂಬ ಮಾತು ಮಾತ್ರ ಬೇಡ. ಅದನ್ನು ನಮ್ಮ ಅತ್ತೆಯವರು ಆಗಾಗ ಹೇಳುತ್ತಲೇ ಇರುತ್ತಾರೆ.

ಬೋಳುತಲೆ ಎಂಜಿನಿಯರ್, ಕೋಲಾರ

ನಿಮ್ಮ ಕಷ್ಟವನ್ನು ತಲೆಕೆಳಗು ಮಾಡಿದರೆ ನಾನು. ಇಪ್ಪತ್ತಾರಕ್ಕೆ ನೆತ್ತಿ ಖಾಲಿಯಾಯಿತು, ಇಪ್ಪತ್ತೆಂಟಕ್ಕೆ ಉಳಿದದ್ದೂ ನರೆಯಿತು. ಆಗ ನನಗೆ ಏರಿ, ತೂಬು, ಕೋಡಿಗಳ ಬಗ್ಗೆ ಪುಸ್ತಕದಲ್ಲಿ ಓದಿದ್ದಷ್ಟೇ ಗೊತ್ತಿತ್ತು. ಆದರೂ ಕಾಮಗಾರಿಯ ಜಾಗಕ್ಕೆ ಹೋದರೆ ಗುತ್ತಿಗೆದಾರರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ನಮ್ಮ ಮೇಲಧಿಕಾರಿ ನನಗಿಂತ ಬಹಳ ಹಿರಿಯರು, ಆದರೆ ತಲೆ ತುಂಬ ಕಪ್ಪು ಕೂದಲು. ಇಬ್ಬರೂ ಒಟ್ಟಿಗೆ ಹೋದರೆ ಜನ ನನಗೆ ಕೈಮುಗಿದು, ಅಳತೆಯ ಟೇಪಿನ ತುದಿಯನ್ನು ಅವರ ಕೈಗೆ ಕೊಡುತ್ತಿದ್ದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿದಾಗ, ನೀರಿನ ಗುಣಮಟ್ಟದ ಬಗ್ಗೆ ಹಳ್ಳಿಯವರ ಪ್ರಶ್ನೆಗಳೆಲ್ಲ ನೇರವಾಗಿ ನನ್ನ ನೆತ್ತಿಗೇ ಬರುತ್ತಿದ್ದವು. ಉತ್ತರ ಗೊತ್ತಿದ್ದ ಮೇಲಧಿಕಾರಿ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಿದ್ದರು.

ಆ ಗೌರವ ಪುಕ್ಕಟೆ ಸಿಕ್ಕಿತು, ನಾನು ಬೇಡ ಎನ್ನಲಿಲ್ಲ. ನಿಮಗೆ ಕೊಡಲು ಸಲಹೆ ಏನೂ ಇಲ್ಲ. ಕೂದಲು ಉದುರಿಸಿಕೊಳ್ಳಿ ಎನ್ನಲಾದೀತೇ?

ಸೀಮೆಹಸು, ಶ್ರೀನಿವಾಸಪುರ

ನಾನು ಪಶುವೈದ್ಯೆ. ಮೂವತ್ತೊಂದು ವರ್ಷ, ಎತ್ತರ ಐದು ಅಡಿಗೆ ಇನ್ನೂ ಒಂದಿಂಚು ಬೇಕು. ಐದೂವರೆ ವರ್ಷ ಓದಿ ಬಂದ ಪದವಿ ನನ್ನದು. ಆದರೆ ನಮ್ಮಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಒಬ್ಬ ಸಹಾಯಕರಿದ್ದಾರೆ, ಒಳ್ಳೆಯ ಮನುಷ್ಯ. ಸುತ್ತಲ ಹಳ್ಳಿಗಳಿಗೆಲ್ಲ ಅವರೇ ‘ಡಾಕ್ಟರು’. ನಾನು ಡಾಕ್ಟರ ಜೊತೆ ಬಂದಿರುವ ಹುಡುಗಿ.

ಒಂದು ರಾತ್ರಿ ಹಸು ಮಲಗಿಬಿಟ್ಟಿದೆ ಎಂದು ಫೋನ್ ಬಂತು. ಸಹಾಯಕರು ರಜೆಯಲ್ಲಿದ್ದರು, ಒಬ್ಬಳೇ ಹೋದೆ. ಮೂರನೇ ಸೂಲು, ಹಿಂದಿನ ದಿನವಷ್ಟೇ ಕರು ಹಾಕಿತ್ತು. ಡೈರಿಗೆ ಬಿಂದಿಗೆಗಟ್ಟಲೆ ಹಾಲು ಕೊಡುವ ಹಸು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಕುಳಿತಿದೆ, ಕಿವಿ ಮುಟ್ಟಿದರೆ ತಣ್ಣಗಿದೆ, ಮೂತಿ ಒಣಗಿದೆ. ಹಾಲುಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ಕರು ಹಾಕಿದ ಕೂಡಲೇ ಹಾಲಿನ ಮೂಲಕ ಕ್ಯಾಲ್ಸಿಯಂ ಹರಿದುಹೋಗುತ್ತದೆ, ಮೈ ಅದನ್ನು ಅಷ್ಟು ಬೇಗ ತುಂಬಿಕೊಡಲಾರದೆ ರಕ್ತದಲ್ಲಿ ಕೊರತೆಯಾಗುತ್ತದೆ, ಸ್ನಾಯು ಸೋಲುತ್ತದೆ. ತಡ ಮಾಡಿದರೆ ಹಸು ಉಳಿಯುವುದಿಲ್ಲ.

ಯಜಮಾನರು ನನ್ನ ಹಿಂದೆ ಗಾಡಿಯ ಕಡೆ ಇಣುಕಿ “ಡಾಕ್ಟರು ಬರಲಿಲ್ಲವೇನಮ್ಮ?” ಎಂದರು. ಪಕ್ಕದ ಮನೆಯವರು ಆಗಲೇ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದು ನಿಂತಿದ್ದರು. ನಾನು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕೊಡಲು ಹೇಳಿದೆ. ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ, ಒಂದು ಕೈಯಲ್ಲಿ ಬಾಟಲಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೆತಸ್ಕೋಪನ್ನು ಹಸುವಿನ ಎದೆಗೆ ಒತ್ತಿಕೊಂಡು ಕುಳಿತೆ. ಈ ಔಷಧಿಯನ್ನು ಬೇಗ ಬಿಟ್ಟರೆ ಹೃದಯವೇ ನಿಂತುಹೋಗಬಹುದು, ಬಡಿತ ಕೇಳುತ್ತಾ ಕೇಳುತ್ತಾ ಬಿಡಬೇಕು. “ಸ್ವಲ್ಪ ಬೇಗ ಬಿಡಮ್ಮ” ಎಂದರು ಯಜಮಾನರು. “ಟಾರ್ಚ್ ಮೇಲೆ ಹಿಡಿಯಿರಿ” ಎಂದೆ.

ಬಾಟಲಿ ಖಾಲಿಯಾಗುವ ಹೊತ್ತಿಗೆ ಹಸುವಿನ ತೊಡೆ ನಡುಗತೊಡಗಿತು. ಒಮ್ಮೆ ತೇಗಿತು, ಸಗಣಿ ಹಾಕಿತು. ಇನ್ನು ಸ್ವಲ್ಪ ಹೊತ್ತಿಗೆ ಹಿಂಗಾಲು ಎತ್ತಿ, ಮುಗ್ಗರಿಸಿ, ಎದ್ದು ನಿಂತು ಕರುವನ್ನು ಹುಡುಕಿತು. ಆ ಮನೆಯಲ್ಲಿ ಅಲ್ಲಿಂದ ಮುಂದೆ ನಾನು ‘ಮೇಡಂ’. ಈಗ ಸಹಾಯಕರು ಹೋದರೆ “ಮೇಡಂ ಬರಲಿಲ್ಲವೇ?” ಎಂದು ಕೇಳುತ್ತಾರಂತೆ.

ನಿಮ್ಮ ಕಷ್ಟ ಏನೆಂದರೆ, ಲೆಕ್ಕದ ಪುಸ್ತಕ ಹೀಗೆ ಎದ್ದು ನಿಲ್ಲುವುದಿಲ್ಲ.

ಅಮಾನಿಕೆರೆ ದಂಡೆ, ತುಮಕೂರು

ಲೆಕ್ಕದ ಪುಸ್ತಕ ಮಲಗಿದ್ದರೇ ಕೆಲವರಿಗೆ ಅನುಕೂಲ ಮೇಡಂ.

ಕಲ್ಪತರು ನೆರಳು, ತಿಪಟೂರು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಧೈರ್ಯವಾಗಿರಿ.

ಕರಿಕೋಟು, ಚಿಕ್ಕಬಳ್ಳಾಪುರ

ಈ ಗಾದೆ ಎಷ್ಟನೇ ಉತ್ತರಕ್ಕೆ ಬರುತ್ತದೆ ಎಂದು ಕಾಯುತ್ತಿದ್ದೆ. ಕೀರ್ತಿ ಬರುವ ತನಕ ಮೂರ್ತಿ ಏನು ಮಾಡಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ನಾನು ವಕೀಲ. ಮೂವತ್ತಮೂರು ವರ್ಷ, ಮೀಸೆ ಇನ್ನೂ ಮನಸ್ಸು ಮಾಡಿಲ್ಲ. ನಮ್ಮ ವೃತ್ತಿಯಲ್ಲಿ ಒಂದು ಅನುಕೂಲವಿದೆ: ಕರಿಕೋಟು, ಬಿಳಿ ಪಟ್ಟಿ. ನಿನ್ನೆ ಸನ್ನದು ಪಡೆದವನಿಗೂ ಅದೇ, ಮೂವತ್ತು ವರ್ಷ ವಾದ ಮಾಡಿದವರಿಗೂ ಅದೇ. ಅಧೀನ ನ್ಯಾಯಾಲಯಗಳಲ್ಲಿ ಗೌನ್ ಕಡ್ಡಾಯವಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟಿನಲ್ಲಿ ಮಾತ್ರ ಹಾಕಲೇಬೇಕು. ನಾನು ಜಿಲ್ಲಾ ನ್ಯಾಯಾಲಯದಲ್ಲೂ ಹಾಕುತ್ತೇನೆ. ಬೇಸಿಗೆಯಲ್ಲಿ ಬೆವರಿಳಿಯುತ್ತದೆ, ಇಳಿಯಲಿ. ಗೌನ್ ಹಾಕಿದ ದಿನ ಕಕ್ಷಿದಾರರು “ಸೀನಿಯರ್ ಎಲ್ಲಿ?” ಎಂದು ಕೇಳುವುದು ಕಡಿಮೆ.

ಆದರೆ ನಿಜವಾದ ಗುಟ್ಟು ಗೌನ್ ಅಲ್ಲ, ಗುಮಾಸ್ತ. ನನ್ನ ಗುಮಾಸ್ತರಿಗೆ ಅರವತ್ತರ ಹತ್ತಿರ. ಹಳ್ಳಿಯಿಂದ ಬಂದವರು ಮೊದಲು ಮಾತಾಡುವುದು ಅವರ ಬಳಿ. ಅವರು ಎದ್ದು ನಿಂತು, “ಸಾರ್, ಇವರದು ಪಾಲುವಿಭಾಗದ ದಾವೆ” ಎಂದು ನನಗೆ ಒಪ್ಪಿಸುತ್ತಾರೆ. ಅವರು ‘ಸಾರ್’ ಎಂದ ಮೇಲೆ ಕಕ್ಷಿದಾರರೂ ‘ಸಾರ್’ ಎನ್ನಲೇಬೇಕು. ನಮ್ಮ ಕಡೆ ಯಾರು ದೊಡ್ಡವರು ಎಂಬುದನ್ನು ಜನ ಮುಖ ನೋಡಿ ತೀರ್ಮಾನಿಸುವುದು ಅರ್ಧ, ಪಕ್ಕದಲ್ಲಿರುವವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಿ ತೀರ್ಮಾನಿಸುವುದು ಅರ್ಧ. ನಿಮ್ಮ ಗಡ್ಡದ ಹುಡುಗ ಕುರ್ಚಿಯಲ್ಲಿ ಕುಳಿತದ್ದೇ ಮೊದಲ ಎಡವಟ್ಟು. ನೀವು ಕೂರುವ ತನಕ ಅವನು ನಿಂತಿರಬೇಕಿತ್ತು.

ಹಳೆಯ ಹೆಡ್ ಕ್ಲರ್ಕ್, ತುಮಕೂರು

ಸಹಕಾರ ಇಲಾಖೆಯಲ್ಲಿ ಸೇವೆ ಮುಗಿಸಿ ಮನೆಯಲ್ಲಿರುವವನು ನಾನು. ಎಲ್ಲದಕ್ಕೂ ಮುಖವನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದಾಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ಅವರು ಯಾರ ಬಳಿಯೂ ಗೋಳಾಡಲಿಲ್ಲ, ಕೆಲಸ ಮಾಡಿದರು. ಜನ ಅನುಮಾನಿಸುವುದು ಎಳೆ ಮುಖವನ್ನಲ್ಲ, ಎಳೆ ನಡವಳಿಕೆಯನ್ನು. ಆತುರದ ಮಾತು, ಮಾತಿನ ನಡುವೆ ಮೊಬೈಲ್ ನೋಡುವುದು, ಎಲ್ಲದಕ್ಕೂ “ಪರವಾಗಿಲ್ಲ ಅಂಕಲ್” ಎನ್ನುವುದು. ಇವನ್ನು ತಿದ್ದಿಕೊಂಡರೆ ಅರ್ಧ ಸಮಸ್ಯೆ ಇರುವುದಿಲ್ಲ.

ಕರಿಕೋಟು, ಚಿಕ್ಕಬಳ್ಳಾಪುರ

ಸಾರ್, ನಮ್ಮ ಜಿಲ್ಲೆಯ ಹೆಮ್ಮೆ ಅವರು, ಒಂದು ಮಾತು ಕಡಿಮೆ ಹೇಳಲಾರೆ. ಆದರೆ ನಮಗೆಲ್ಲ ಪರಿಚಯವಿರುವುದು ಪೇಟ, ಕೋಟು ತೊಟ್ಟ ವೃದ್ಧರ ಚಿತ್ರ. ಇಪ್ಪತ್ತಮೂರರ ಹುಡುಗ ಕಚೇರಿಗೆ ಬಂದಾಗ ಅಲ್ಲಿಯ ಹಳೆಯ ಗುಮಾಸ್ತರು ಒಬ್ಬರಿಗೊಬ್ಬರು ಏನೆಂದುಕೊಂಡರೋ ಯಾರು ಬರೆದಿಟ್ಟಿದ್ದಾರೆ? ಅದೂ ಅಲ್ಲದೆ ಅವರ ಹಿಂದೆ ಬ್ರಿಟಿಷ್ ಸರ್ಕಾರದ ಮೊಹರು ಇತ್ತು. ಈ ಮೇಡಂ ಹಿಂದೆ ಇರುವುದು ಗಡ್ಡದ ಹುಡುಗ.

ಕಾಲುಂಗುರವಿಲ್ಲದವಳು, ಶಿಡ್ಲಘಟ್ಟ

ಗಂಡಸರೆಲ್ಲ ಗಡ್ಡ, ಮೀಸೆ, ಗೌನ್ ಎಂದು ಮಾತಾಡುತ್ತಿದ್ದೀರಿ. ಹೆಂಗಸರ ವಯಸ್ಸನ್ನು ನಮ್ಮೂರಿನಲ್ಲಿ ಎಲ್ಲಿ ನೋಡುತ್ತಾರೆ ಗೊತ್ತೇ? ಕಾಲಿನಲ್ಲಿ. ನನಗೆ ನಲವತ್ತೊಂದು. ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿ. ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ. ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲರ್‌ಗಳು ದುಡಿಮೆ ಬಂಡವಾಳಕ್ಕೆ ಬರುತ್ತಾರೆ. ಮುಖ ನೋಡುತ್ತಾರೆ, ಕತ್ತು ನೋಡುತ್ತಾರೆ, ಆಮೇಲೆ ಮೇಜಿನ ಕೆಳಗೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಕಾಲುಂಗುರ ಇದ್ದರೆ “ಮೇಡಂ”, ಇಲ್ಲದಿದ್ದರೆ “ಏನಮ್ಮ, ಮ್ಯಾನೇಜರ್ ಇಲ್ಲವೇ?” ಇಪ್ಪತ್ತೈದು ವರ್ಷದ ಕ್ಯಾಷಿಯರ್ ಹುಡುಗಿಗೆ ಮದುವೆಯಾಗಿದೆ. ಅವಳು ಮೇಡಂ, ನಾನು ಪುಟ್ಟಿ.

ಸೀರೆ ಉಟ್ಟರೆ ಐದು ವರ್ಷ ಸೇರುತ್ತದೆ ಎನ್ನುವುದು ನಿಜ. ಗಂಜಿ ಹಾಕಿದ ಹತ್ತಿ ಸೀರೆಗೆ ಇನ್ನೂ ಎರಡು ವರ್ಷ. ಒಂದು ಕಾಲದಲ್ಲಿ ನಾನೂ ಉಡುತ್ತಿದ್ದೆ. ಈಗ ನನಗೆ ಅನುಕೂಲವಾದದ್ದನ್ನು ಹಾಕುತ್ತೇನೆ. ಸಾಲದ ಅರ್ಜಿಗೆ ಸಹಿ ಹಾಕುವುದು ಕೈ.

ಸೀಮೆಹಸು, ಶ್ರೀನಿವಾಸಪುರ

“ಅವಳು ಮೇಡಂ, ನಾನು ಪುಟ್ಟಿ.” ನಕ್ಕು ಸಾಕಾಯಿತು. ನನಗೆ ಕೊಟ್ಟಿಗೆಯಲ್ಲಿ ಗಂಬೂಟು ಇರುವುದರಿಂದ ಆ ಪರೀಕ್ಷೆ ತಪ್ಪಿದೆ.

ಒಣ ಓದುಗ, ತುಮಕೂರು

ಮನಶ್ಶಾಸ್ತ್ರ ಪಾಠ ಮಾಡುವವನು ನಾನು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೆಸ್ಲಿ ಜೆಬ್ರೊವಿಟ್ಜ್ ಈ ಎಳೆ ಮುಖದ ವಿಷಯವನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ದುಂಡು ಮುಖ, ದೊಡ್ಡ ಕಣ್ಣು, ಚಿಕ್ಕ ಗಲ್ಲ ಇವು ದೊಡ್ಡವರಲ್ಲಿ ಉಳಿದುಕೊಂಡರೆ, ನೋಡುವವರು ಮಗುವಿನ ಗುಣಗಳನ್ನೂ ಅವರಿಗೆ ಅಂಟಿಸುತ್ತಾರೆ: ಸೌಮ್ಯ, ಪ್ರಾಮಾಣಿಕ, ಆದರೆ ಭಾರ ಹೊರಲಾರದವರು. ಪ್ರಿನ್ಸ್‌ಟನ್‌ನಲ್ಲಿ ಅಲೆಕ್ಸಾಂಡರ್ ಟೊಡೊರೊವ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಜುಗರದ್ದು. ಅಮೆರಿಕದ ಚುನಾವಣೆಗಳಲ್ಲಿ ಎದುರಾಳಿಗಳಾಗಿದ್ದ ಇಬ್ಬರ ಭಾವಚಿತ್ರಗಳನ್ನು ತೋರಿಸಿ, ಯಾರು ಹೆಚ್ಚು ಸಮರ್ಥರಾಗಿ ಕಾಣುತ್ತಾರೆ ಎಂದು ಕೇಳಿದರು. ಒಂದು ಸೆಕೆಂಡ್ ನೋಡಿ ಹೇಳಿದ ಉತ್ತರವೂ ನಿಜವಾಗಿ ಗೆದ್ದವರನ್ನು ಸುಮಾರು ಶೇ 70ರಷ್ಟು ಸಲ ಹಿಡಿದಿತ್ತು. ಮರುವರ್ಷದ ಪ್ರಯೋಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೇ ಸಾಕಾಯಿತು. ಹೆಚ್ಚು ಹೊತ್ತು ನೋಡಲು ಬಿಟ್ಟಾಗ ತೀರ್ಪು ಅಷ್ಟಾಗಿ ಬದಲಾಗಲಿಲ್ಲ, ತಾನು ಹೇಳಿದ್ದೇ ಸರಿ ಎಂಬ ನಂಬಿಕೆ ಮಾತ್ರ ಬೆಳೆಯಿತು.

ಹಾಗಾಗಿ ನೀವು ಕೇಳಿದ ಮೊದಲ ಹತ್ತು ನಿಮಿಷ ಎಂಬುದೇ ತಡವಾಯಿತು. ನೀವು ಬಾಗಿಲಿಗೆ ಬರುವ ಮೊದಲು ಏನಾದರೂ ಅಲ್ಲಿಗೆ ತಲುಪಿರಬೇಕು. ಒಂದು ಪತ್ರ, ಒಂದು ಪಟ್ಟಿ, ಅವರು ನಂಬುವವರಿಂದ ಒಂದು ಫೋನ್.

ಒಂದು ಸಮಾಧಾನದ ಸುದ್ದಿಯೂ ಇದೆ. ಡೆನ್ಮಾರ್ಕ್‌ನಲ್ಲಿ ಎಪ್ಪತ್ತು ದಾಟಿದ 1,826 ಅವಳಿಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಇದ್ದ ವಯಸ್ಸಿಗಿಂತ ಎಳೆಯರಾಗಿ ಕಂಡವರು ಹೆಚ್ಚು ಕಾಲ ಬದುಕಿದ್ದರು.

ಬೋಳುತಲೆ ಎಂಜಿನಿಯರ್, ಕೋಲಾರ

ಕೊನೆಯ ಸುದ್ದಿಯನ್ನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು ಸಾರ್?

ಒಣ ಓದುಗ, ತುಮಕೂರು

ಅದು ಎಪ್ಪತ್ತು ದಾಟಿದವರ ಲೆಕ್ಕ. ನಿಮಗಿನ್ನೂ ಕಾಲಾವಕಾಶವಿದೆ.

ಟೊಮೆಟೊ ಮಂಡಿ, ಕೋಲಾರ

ಎಲ್ಲರೂ ಮೇಜಿನ ಆ ಕಡೆ ಕುಳಿತು ಮಾತಾಡುತ್ತಿದ್ದೀರಿ. ಈ ಕಡೆ ನಿಂತವನ ಮಾತನ್ನೂ ಕೇಳಿ. ಎಪಿಎಂಸಿಯಲ್ಲಿ ನನ್ನದೊಂದು ಮಂಡಿ ಇದೆ. ಹರಾಜಿನಲ್ಲಿ ನಾವು ಮುಖ ನೋಡುವುದಿಲ್ಲ, ಹದಿನೈದು ಕಿಲೋ ಬಾಕ್ಸಿನ ತಳದ ಹಣ್ಣು ನೋಡುತ್ತೇವೆ. ಮೀಸೆ ಚಿಗುರದ ಹುಡುಗರು ಲಾರಿಗಟ್ಟಲೆ ಮಾಲು ಕೊಂಡು ಹೊರರಾಜ್ಯಕ್ಕೆ ಕಳಿಸುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯನಾಗಲು ಇಪ್ಪತ್ತೊಂದು, ಶಾಸಕನಾಗಲು ಇಪ್ಪತ್ತೈದು ಸಾಕು ಎಂದು ಕಾನೂನೇ ಹೇಳುವಾಗ ನಮ್ಮದೇನು?

ಆದರೂ ಬ್ಯಾಂಕಿಗೆ, ಕಚೇರಿಗೆ ಹೋದಾಗ ನಾನೂ ಹಿರಿಯರನ್ನೇ ಹುಡುಕುತ್ತೇನೆ. ಯಾಕೆ ಹೇಳಿ? ಎಳೆಯ ಅಧಿಕಾರಿಗೆ ಬುದ್ಧಿ ಕಡಿಮೆ ಎಂದಲ್ಲ. ಅವರು ಇಲ್ಲಿ ನಿಲ್ಲುವುದಿಲ್ಲ. ನನ್ನ ವ್ಯವಹಾರ ಏನು, ಬೆಲೆ ಬಿದ್ದ ವರ್ಷ ನಾನು ಹೇಗೆ ತೀರಿಸಿದೆ, ಯಾವ ರೈತನಿಗೆ ಮುಂಗಡ ಕೊಟ್ಟು ಕೈಸುಟ್ಟುಕೊಂಡೆ ಎಂದೆಲ್ಲ ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ವರ್ಗಾವಣೆ ಆಗುತ್ತದೆ, ಇಲ್ಲವೇ ಬೆಂಗಳೂರಿಗೆ ಹೋಗುತ್ತಾರೆ. ಮತ್ತೊಬ್ಬ ಎಳೆಯರಿಗೆ ಮೊದಲಿನಿಂದ ಹೇಳಬೇಕು. ಆ ಕೊಬ್ಬರಿ ವರ್ತಕರಿಗೂ ಅದೇ ಭಯ ಇದ್ದಿರಬಹುದು. ನೀವು ತುಮಕೂರಿನವರೇ, ಕಚೇರಿ ಇಲ್ಲೇ ಇದೆ, ಮುಂದಿನ ವರ್ಷವೂ ನೀವೇ ಬರುತ್ತೀರಿ ಎಂದು ಮೊದಲು ಹೇಳಿ. ಓದಿನ ಮಾತು ಆಮೇಲೆ.

ಕಾಲುಂಗುರವಿಲ್ಲದವಳು, ಶಿಡ್ಲಘಟ್ಟ

ಇದು ಒಪ್ಪಬೇಕಾದ ಮಾತು. ಆದರೆ ಅಣ್ಣ, ನಮ್ಮ ಶಾಖೆಯಲ್ಲಿ ಮ್ಯಾನೇಜರ್‌ಗಳೇ ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಅವರು ನರೆಗೂದಲಿನವರಾದ್ದರಿಂದ ನೀವು ಅವರನ್ನು ಇಲ್ಲಿಯವರೇ ಎಂದುಕೊಳ್ಳುತ್ತೀರಿ, ಅಷ್ಟೇ.

ಟೊಮೆಟೊ ಮಂಡಿ, ಕೋಲಾರ

ಅಕ್ಕ, ನೀವು ಸಾಲದ ವಿಭಾಗದಲ್ಲಿರುವುದು ಸರಿಯಾಗಿಯೇ ಇದೆ.

ಅಮಾನಿಕೆರೆ ದಂಡೆ, ತುಮಕೂರು

ಎಲ್ಲರ ಮಾತನ್ನೂ ಓದುತ್ತಾ ಒಂದು ವಿಷಯ ನನಗೆ ಬಿಡಿಸಿ ಕಾಣಿಸತೊಡಗಿದೆ. ಹೊರಗಿನವರ ಅನುಮಾನ ಒಂದು ಬಗೆ, ಒಳಗಿನವರದು ಇನ್ನೊಂದು ಬಗೆ.

ಹೊರಗಿನವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಹಸು ಎದ್ದರೆ, ಸಾಲ ಮಂಜೂರಾದರೆ, ದಾವೆ ಗೆದ್ದರೆ ಅವರ ಅನುಮಾನ ಅಲ್ಲಿಗೆ ಮುಗಿಯಿತು. ಆ ಕೊಬ್ಬರಿ ವರ್ತಕರೂ ಹಾಗೆಯೇ. ನಾನು ಮೂಲೆಯ ಸಾಲಿನ ಚೀಲಗಳನ್ನು ಮತ್ತೆ ತೂಗಿಸಿ ಎಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ ನನ್ನ ಜೊತೆಗೇ ಮಾತಾಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಒಳಗಿನವರಿಗೆ ಎಲ್ಲ ಗೊತ್ತಿದೆ. ನಾನು ಸ್ವಂತ ಕಚೇರಿ ತೆರೆಯುವ ಮೊದಲು ಒಂದು ಕಡೆ ಕೆಲಸಕ್ಕಿದ್ದೆ. ನನ್ನ ಹುಟ್ಟಿದ ದಿನಾಂಕ, ಸದಸ್ಯತ್ವ ಸಂಖ್ಯೆ, ಎಷ್ಟು ವರ್ಷದ ಅನುಭವ ಎಲ್ಲ ಅವರ ಕಡತದಲ್ಲೇ ಇತ್ತು. ಆದರೂ ಸಭೆಯಲ್ಲಿ “ನಮ್ಮ ಮಗು ಲೆಕ್ಕ ತಂದಿದೆ, ನೋಡೋಣ” ಎನ್ನುತ್ತಿದ್ದರು. ಮಗು ಎಂದ ಮೇಲೆ ಮಗುವಿಗೆ ದೊಡ್ಡ ಕಕ್ಷಿದಾರರನ್ನು ಕೊಡಬೇಕಾಗಿಲ್ಲ. ವರದಿ ಮಗು ಬರೆಯಬಹುದು, ಮಂಡಿಸುವವರು ಬೇರೆ. ಸಂಬಳದ ಮಾತು ಬಂದರೆ “ಇನ್ನೂ ಚಿಕ್ಕವಳು, ಮುಂದೆ ಬೇಕಾದಷ್ಟು ಕಾಲ ಇದೆ.” ನನಗಿಂತ ಎರಡು ವರ್ಷ ಕಿರಿಯನೊಬ್ಬನಿಗೆ ಈ ಮಾತನ್ನು ಯಾರೂ ಹೇಳಲಿಲ್ಲ. ಅಲ್ಲಿ ಅನುಮಾನ ಯಾರಿಗೂ ಇರಲಿಲ್ಲ, ಅನುಕೂಲ ಇತ್ತು. ಅದನ್ನು ಕೆಲಸ ತೋರಿಸಿ ಕಳೆಯಲು ಆಗುವುದಿಲ್ಲ, ಏಕೆಂದರೆ ಕೆಲಸ ಗೊತ್ತಿದ್ದೇ ಹಾಗೆ ಮಾಡುತ್ತಾರೆ.

ಹಳೆಯ ಹೆಡ್ ಕ್ಲರ್ಕ್, ತುಮಕೂರು

ನೋಡಮ್ಮ, ನಮ್ಮ ಕಚೇರಿಯಲ್ಲಿ ನಾನೂ ಎಷ್ಟೋ ಜನ ಹೆಣ್ಣುಮಕ್ಕಳನ್ನು ಮಗು, ಮಗಳೇ ಎಂದೇ ಕರೆದಿದ್ದೇನೆ. ಅದರಲ್ಲಿ ವಾತ್ಸಲ್ಯ ಬಿಟ್ಟು ಬೇರೇನೂ ಇರಲಿಲ್ಲ. ಪ್ರೀತಿಯಿಂದ ಕರೆದದ್ದಕ್ಕೂ ಹುನ್ನಾರ ಹುಡುಕಿದರೆ ಹಿರಿಯರು ಬಾಯಿ ಬಿಡುವುದು ಹೇಗೆ?

ಸೀಮೆಹಸು, ಶ್ರೀನಿವಾಸಪುರ

ಪ್ರೀತಿಗೆ ಅಭ್ಯಂತರವಿಲ್ಲ ಸಾರ್. ಮಗು ಎಂದು ಕರೆದ ಮೇಲೆ ಕಾಫಿ ತರುವುದು, ಸಭೆಯ ನಡಾವಳಿ ಬರೆಯುವುದು, ಹೂಗುಚ್ಛ ಕೊಡಲು ವೇದಿಕೆ ಹತ್ತುವುದು ಇವೆಲ್ಲ ಆ ಮಗುವಿನ ಪಾಲಿಗೇ ಏಕೆ ಬರುತ್ತವೆ ಎಂಬುದಷ್ಟೇ ಪ್ರಶ್ನೆ.

ಕರಿಕೋಟು, ಚಿಕ್ಕಬಳ್ಳಾಪುರ

ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಯಾರೂ ಇದನ್ನು ಹಿಡಿದು ನ್ಯಾಯಾಲಯಕ್ಕೆ ಬರಬೇಡಿ ಎಂದು. ಸರ್ಕಾರಿ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎನ್ನುವ ಸಂವಿಧಾನದ 16ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ ಇವೆ. ವಯಸ್ಸು ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ಇದಕ್ಕೆಂದೇ 1967ರ ಕಾಯ್ದೆ ಇದೆ, ಆದರೆ ಅದು ರಕ್ಷಿಸುವುದು ನಲವತ್ತು ತುಂಬಿದವರನ್ನು. ನೀನಿನ್ನೂ ಚಿಕ್ಕವಳು ಎಂದು ತಳ್ಳಿದವರ ಮೇಲೆ ಅಲ್ಲೂ ಆ ಕಾಯ್ದೆ ಉಪಯೋಗಕ್ಕೆ ಬಾರದು. ಹೆಣ್ಣೆಂಬ ಕಾರಣಕ್ಕೆ ಹೀಗಾಯಿತು ಎಂದು ಸಾಬೀತು ಮಾಡಬಲ್ಲವರಿಗೆ ಮಾತ್ರ ಬೇರೆ ದಾರಿಯಿದೆ. ಮೇಡಂ ಸ್ವಂತ ಕಚೇರಿ ತೆರೆದದ್ದು ಎಲ್ಲಕ್ಕಿಂತ ಅಗ್ಗದ ಪರಿಹಾರ.

ಹಳೆಯ ಹೆಡ್ ಕ್ಲರ್ಕ್, ತುಮಕೂರು

ಚರ್ಚೆ ಎಲ್ಲೆಲ್ಲಿಗೋ ಹೋಗುತ್ತಿದೆ. ಕೇಳಿದ ಪ್ರಶ್ನೆ ಸಹಕಾರ ಸಂಘದ್ದು, ಅದು ನನಗೆ ಗೊತ್ತಿರುವ ವಿಷಯ.

ನೋಡಮ್ಮ, ಅಂಥ ಕಾರ್ಯದರ್ಶಿಗಳನ್ನು ನಾನು ಬೇಕಾದಷ್ಟು ಜನರನ್ನು ಬಲ್ಲೆ. ನೀವು ಹೋದ ಕೂಡಲೇ ಕಾಫಿ ತರಿಸುತ್ತಾರೆ, ಯಾವ ಊರು, ಯಾರ ಮಗಳು ಎಂದು ಕೇಳುತ್ತಾರೆ, ನಿಮ್ಮ ತಂದೆಯವರ ಪರಿಚಯ ಹಿಡಿಯುತ್ತಾರೆ. ಆ ಕಾಫಿ ಮುಗಿಯುವಷ್ಟರಲ್ಲಿ ನೀವು ಆಡಿಟರ್ ಅಲ್ಲ, ಪರಿಚಯದವರ ಮಗಳು. ಅಲ್ಲಿಂದ ಮುಂದೆ ಯಾವ ಓಚರ್ ಕೇಳಿದರೂ ನೀವೇ ಸಂಕೋಚಪಡುತ್ತೀರಿ.

ಆದ್ದರಿಂದ ಕೂರಬೇಡಿ. ನಿಂತುಕೊಂಡೇ “ಮೊದಲು ನಗದು ಎಣಿಸೋಣ” ಎನ್ನಿ. ಪೆಟ್ಟಿಗೆಯನ್ನು ಅವರ ಕೈಯಲ್ಲೇ ತೆರೆಸಿ, ನೋಟುಗಳನ್ನೂ ಅವರೇ ಎಣಿಸಲಿ. ಐನೂರರದು ಎಷ್ಟು, ಇನ್ನೂರರದು ಎಷ್ಟು, ನೂರರದು ಎಷ್ಟು, ಚಿಲ್ಲರೆ ಎಷ್ಟು ಎಂದು ನಿಮ್ಮ ಹುಡುಗ ಬರೆದುಕೊಳ್ಳಲಿ. ನಗದು ಪುಸ್ತಕದ ಶಿಲ್ಕಿಗೆ, ಅಂದರೆ ಅದರಲ್ಲಿ ತೋರಿಸಿದ ಉಳಿಕೆಗೆ, ತಾಳೆ ನೋಡಿ, ಆ ಹಾಳೆಗೆ ಕಾರ್ಯದರ್ಶಿಯವರ ಸಹಿ ಪಡೆಯಿರಿ. ಪೆಟ್ಟಿಗೆಯಲ್ಲಿ ನೋಟಿನ ಬದಲು ಚೀಟಿಗಳಿದ್ದರೆ, “ಇದು ನಿರ್ದೇಶಕರೊಬ್ಬರಿಗೆ ಕೊಟ್ಟದ್ದು, ನಾಳೆ ಬರುತ್ತದೆ” ಎನ್ನುತ್ತಾರೆ. ಚೀಟಿಯನ್ನು ನಗದೆಂದು ಎಣಿಸಬೇಡಿ, ವಾದಕ್ಕೂ ಇಳಿಯಬೇಡಿ. ಹಾಳೆಯಲ್ಲಿ ಬೇರೆ ಸಾಲಿನಲ್ಲಿ ಬರೆದು ಸಹಿ ಹಾಕಿಸಿ. ಆಮೇಲೆ ಗೋದಾಮಿನ ಬೀಗ ತೆರೆಸಿ ಯೂರಿಯಾ ಚೀಲಗಳನ್ನು ದಾಸ್ತಾನು ಪುಸ್ತಕಕ್ಕೆ ತಾಳೆ ಹಾಕಿ. ಇಷ್ಟಾದ ಮೇಲೆ ಕಾಫಿ ಕುಡಿಯಿರಿ. ನಿಮ್ಮ ವಯಸ್ಸೆಷ್ಟು ಎಂದು ಆಗ ಯಾರೂ ಕೇಳುವುದಿಲ್ಲ. ಅರವತ್ತರ ಕಾರ್ಯದರ್ಶಿಯೂ ತನ್ನ ಪೆಟ್ಟಿಗೆಯ ನೋಟು ಎಣಿಸುವಾಗ ಶಾಲೆಯ ಹುಡುಗನೇ.

ಬೋಳುತಲೆ ಎಂಜಿನಿಯರ್, ಕೋಲಾರ

ಇಷ್ಟು ಹೊತ್ತು ವಿಶ್ವೇಶ್ವರಯ್ಯನವರ ಮಾತಾಡಿ ಕಾಲ ಕಳೆದಿರಲ್ಲ ಸಾರ್, ಇದನ್ನು ಮೊದಲೇ ಹೇಳಬಾರದಿತ್ತೇ?

ಅಮಾನಿಕೆರೆ ದಂಡೆ, ತುಮಕೂರು

ನಗದು ಎಣಿಕೆ ನಾವು ಮಾಡುವ ಕೆಲಸವೇ, ಆದರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಅದನ್ನು ಬಾಗಿಲಿಗೆ ತರುವುದು ಒಳ್ಳೆಯ ಉಪಾಯ. ವಂದನೆಗಳು ಸಾರ್. ಗಡ್ಡದ ಹುಡುಗನನ್ನು ಬಿಟ್ಟು ಹೋಗುವುದಿಲ್ಲ, ಅವನಿಗೆ ನಿಲ್ಲುವುದನ್ನು ಕಲಿಸಿದ್ದೇನೆ.

ಒಣ ಓದುಗರು ಹೇಳಿದಂತೆ ಪತ್ರವನ್ನು ಮುಂಚೆಯೇ ಕಳಿಸುತ್ತೇನೆ, ಕಾರ್ಯದರ್ಶಿಗಲ್ಲ, ಸಂಘದ ಅಧ್ಯಕ್ಷರಿಗೆ. ಕಾರ್ಯದರ್ಶಿಗೆ ಪ್ರತಿ. ಮೊದಲ ಸಾಲು ಹೀಗಿದೆ: “ತಮ್ಮ ಸಂಘದ ಲೆಕ್ಕಪರಿಶೋಧಕಳಾಗಿ ನೇಮಕಗೊಂಡಿರುವ ನಾನು, ಸಹಾಯಕರೊಂದಿಗೆ ಖುದ್ದಾಗಿ ಬರುತ್ತಿದ್ದು, ಅಂದು ಬೆಳಿಗ್ಗೆ ಕಚೇರಿ ತೆರೆಯುವ ವೇಳೆಗೆ ಈ ಕೆಳಗಿನ ಪುಸ್ತಕಗಳನ್ನು ಸಿದ್ಧವಾಗಿರಿಸಲು ಕೋರುತ್ತೇನೆ.” ಕೆಳಗೆ ಪುಸ್ತಕಗಳ ಪಟ್ಟಿ, ನನ್ನ ಹೆಸರು, ಸದಸ್ಯತ್ವ ಸಂಖ್ಯೆ, ತುಮಕೂರಿನ ಕಚೇರಿ ವಿಳಾಸ. ಮಂಡಿಯ ಅಣ್ಣನ ಮಾತಿಗಾಗಿ ವಿಳಾಸವನ್ನು ಸ್ವಲ್ಪ ದಪ್ಪ ಅಕ್ಷರದಲ್ಲೇ ಹಾಕಿದ್ದೇನೆ. ನಗದು ಎಣಿಕೆಯ ವಿಷಯ ಬರೆದಿಲ್ಲ, ಅದನ್ನು ಹೇಳಿ ಹೋದರೆ ಪೆಟ್ಟಿಗೆ ತುಂಬಿಸಿಟ್ಟಿರುತ್ತಾರೆ.

ಸೀಮೆಹಸು, ಶ್ರೀನಿವಾಸಪುರ

“ಖುದ್ದಾಗಿ” ಚೆನ್ನಾಗಿದೆ. ಸಾಹೇಬರು ಯಾವಾಗ ಬರುತ್ತಾರೆ ಎಂದು ಕೇಳಲು ಜಾಗವೇ ಉಳಿಯಲಿಲ್ಲ.

ಹಳೆಯ ಹೆಡ್ ಕ್ಲರ್ಕ್, ತುಮಕೂರು

ಪತ್ರದಲ್ಲಿ ಯಾವ ಆರ್ಥಿಕ ವರ್ಷದ ಲೆಕ್ಕ ಎಂಬುದನ್ನೇ ಬಿಟ್ಟಿದ್ದೀರಿ. ನೇಮಕದ ನಿರ್ಣಯದ ಸಂಖ್ಯೆ, ದಿನಾಂಕವನ್ನೂ ‘ಉಲ್ಲೇಖ’ ಎಂದು ಮೇಲೆ ಹಾಕಿ.

ಅಮಾನಿಕೆರೆ ದಂಡೆ, ತುಮಕೂರು

ಎರಡನ್ನೂ ಸೇರಿಸಿದೆ ಸಾರ್. ನಾಳೆಯ ಅಂಚೆಗೆ ಹಾಕುತ್ತೇನೆ.